ಮಾಸ್ತರನೆಂಬ ಟಗರಿನ ಹುಟ್ಟುಬಣ್ಣ

ಒಂದು ಕೆರೆಯ ನೀರು ಒಂದೇ ಮುಂಜಾನೆ ಮೊದಲು ಗುಲಾಬಿ, ಆಮೇಲೆ ಹಸಿರು, ಕೊನೆಗೆ ಅರಿಸಿನದ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬಬೇಡಿ. ನಂಬದವರಿಗೆ ಹೇಳುವುದರಲ್ಲೇ ನನಗೆ ರುಚಿ. ಮೊದಲ ಮಾತಿಗೇ ಹೌದೌದು ಎಂದು ತಲೆಯಾಡಿಸುವವರ ಮುಂದೆ ಕೂತು ಮಾತಾಡುವುದೆಂದರೆ ಉಪ್ಪಿಲ್ಲದ ಜುಣಕ ತಿಂದಂತೆ. ಆದ್ದರಿಂದ ನೀವು ಕೈಕಟ್ಟಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಈ ಮುದುಕ ಎಲ್ಲಿ ಸಿಕ್ಕಿಬೀಳುತ್ತಾನೆ ನೋಡೋಣ ಎಂದುಕೊಂಡೇ ಓದಿ. ಎಷ್ಟು ಹೊತ್ತು ನಂಬದೆ ಇರುತ್ತೀರೋ ನಾನೂ ನೋಡುತ್ತೇನೆ.

ನಮ್ಮೂರು ತಂಬೂರಿನಲ್ಲಂತೂ ನನ್ನನ್ನು ಯಾರೂ ನಂಬುವುದಿಲ್ಲ. ಅದಕ್ಕೆ ಕಾರಣ ನನ್ನ ನೌಕರಿ. ಕಲಘಟಗಿ-ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರನಾಗಿ ವಯಸ್ಸು ಕಳೆದವನು ನಾನು. ದಿನವೂ ಅದೇ ದಾರಿ, ಅದೇ ಗುಂಡಿ, ಅದೇ ಮುಖಗಳು. ಮನುಷ್ಯ ಏನಾದರೂ ಮಾಡಲೇಬೇಕಲ್ಲ? ಒಮ್ಮೆ ದುಮ್ಮವಾಡದ ಕ್ರಾಸು ಬಂದಾಗ, 'ವಿಮಾನ ನಿಲ್ದಾಣ, ಯಾರ್ ಇಳಿಯವ್ರದೀರಿ ಮುಂದ ಬರ್ರಿ' ಎಂದು ಕೂಗಿದೆ. ನಿದ್ದೆಯಿಂದ ಎದ್ದ ಒಬ್ಬರು ಚೀಲ ಹಿಡಿದು ಇಳಿದೇಬಿಟ್ಟರು. ಅವತ್ತಿನಿಂದ ಈ ಸೀಮೆಯಲ್ಲಿ ನಾನು ಮಳೆ ಬರುತ್ತಿದೆ ಎಂದರೂ ಜನ ಮೊದಲು ಅಂಗೈ ಚಾಚಿ ನೋಡುತ್ತಾರೆ.

ಇನ್ನು ಮಾಸ್ತರನ ವಿಷಯ. ಮಾಸ್ತರ ಎಂದರೆ ಶಾಲೆಯವನಲ್ಲ, ನಮ್ಮ ಟಗರು. ಎದುರಿಗೆ ಯಾರೇ ಬಂದರೂ ಲೆಕ್ಕ ತಪ್ಪು ಮಾಡಿದ ಹುಡುಗನನ್ನು ನೋಡಿದಂತೆ ನೋಡುತ್ತದೆ. ಅದಕ್ಕೆ ಆ ಹೆಸರು. ನಮ್ಮ ಮನೆಯಲ್ಲಿ ನಾನು ಮಾತಾಡುವಾಗ ನಡುವೆ ಬಾಯಿ ಹಾಕದ ಜೀವ ಅದೊಂದೇ. ಅದರ ಮೈಬಣ್ಣವನ್ನು ಹೇಗೆ ಹೇಳಲಿ? ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಪಾಕಕ್ಕೆ ಒಂದು ಬಣ್ಣ ಬರುತ್ತದೆ ನೋಡಿ, ಅದು. ಹೊಟ್ಟೆಯ ಕೆಳಗೆ ಮಾತ್ರ ಒಲೆಯ ಬೂದಿ ಚೆಲ್ಲಿದ ಹಾಗೆ.

ಈ ಬಣ್ಣವೇ ಅದಕ್ಕೆ ಮುಳುವಾಯಿತು. ಕಂಬಳಿ ನೇಯುವವರಿಗೆ ಬೇಕಾದದ್ದು ಕರಿ ಉಣ್ಣೆ. ಪೇಟೆಯವರಿಗೆ ಬೇಕಾದದ್ದು ಬಿಳಿ ಉಣ್ಣೆ, ಯಾಕೆಂದರೆ ಬಿಳಿಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು. ಉಳಿದವರಿಗೆ ಉಣ್ಣೆಯೇ ಬೇಡ, ಮೈತುಂಬ ಮಾಂಸವಿದ್ದರೆ ಸಾಕು. ಈ ಮೂವರ ನಡುವೆ ಬೆಲ್ಲದ ಬಣ್ಣದ ಟಗರಿಗೆ ಗಿರಾಕಿ ಎಲ್ಲಿಂದ ಬರಬೇಕು?

ನಮ್ಮ ಮನೆಯಲ್ಲಿ ಬಸ್ಸು ನನ್ನದಾಗಿತ್ತು, ಕುರಿ ನನ್ನ ಹೆಂಡತಿ ಗಂಗವ್ವನದು. ಬಸ್ಸು ನನ್ನನ್ನು ನಿವೃತ್ತಿ ಮಾಡಿ ಕಳಿಸಿತು. ಕುರಿಗಳು ಅವಳನ್ನು ಕಳಿಸಿಲ್ಲ. ಹೀಗಾಗಿ ಈಗ ಅಧಿಕಾರವೆಲ್ಲ ಅವಳ ಕೈಯಲ್ಲಿದೆ. ಸುಗ್ಗಿಯ ದಿನಗಳಲ್ಲಿ ಒಂದು ಮುಂಜಾನೆ ಅವಳು ಹಟ್ಟಿಯಿಂದ ಬಂದವಳೇ ತೀರ್ಪು ಕೊಟ್ಟಳು.

"ಈ ಮಾಸ್ತರಂದು ಉಣ್ಣಿನೂ ಯಾರಿಗೂ ಬ್ಯಾಡಾ, ಇದರ ಮರಿನೂ ಯಾರಿಗೂ ಬ್ಯಾಡಾ. ಸುಗ್ಗಿ ಮುಗದಕೂಡಲೆ ಸಂತಿಗೆ ಹೊಡ್ಯೂದಽ."

ಸಂತೆಗೆ ಹೊಡೆಯುವುದೆಂದರೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗೂ ಗೊತ್ತು, ಮಾಸ್ತರನಿಗೂ ಗೊತ್ತಿದ್ದಂತಿತ್ತು. ಅದು ನನ್ನನ್ನು ನೋಡಿದ ರೀತಿಗೆ ನಾನು ಮತ್ತೊಮ್ಮೆ ಲೆಕ್ಕ ತಪ್ಪಿದವನಂತಾದೆ.

"ಸುಮ್ನಿರು ಮಾರಾಯ್ತಿ," ಎಂದೆ. "ಅಂಥಾ ಬಣ್ಣ ನಮ್ಮ ಸೀಮ್ಯಾಗ ಎಲ್ಲೈತಿ?"

"ಬಣ್ಣಾ ಇಟಗೊಂಡು ನೆಕ್ಕೂದೇನು? ಯಾರರ ಒಬ್ಬಾಂವ ಕುರಿಗಾರ ನಮ್ಮ ಬಾಗಲಕ್ಕ ಬಂದು, ನಿಮ್ಮ ಟಗರು ನಮ್ಮ ಹಿಂಡಿಗೆ ಬಿಡ್ರಿ ಅಂತ ಕೇಳಲಿ. ಆವಾಗ ಇರಲಿ ಅಂತೀನಿ. ಕೇಳವ್ರಽ ಇಲ್ಲಂದ ಮ್ಯಾಲ ಏನ್ ಮಾಡ್ತೀರಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮರಿಗಳಿಗಾಗಿ ಹಿಂಡಿಗೆ ಟಗರು ಕೇಳುವುದೆಂದರೆ ನಮ್ಮಲ್ಲಿ ಹೆಣ್ಣು ಕೇಳಿದಷ್ಟೇ ಮರ್ಯಾದೆ. ಒಬ್ಬ ಕುರಿಗಾರ ತನ್ನ ಟಗರನ್ನು ಬಿಟ್ಟು ಇನ್ನೊಬ್ಬನದನ್ನು ಕೇಳಿದನೆಂದರೆ, ನಿನ್ನದು ಮೇಲು ಎಂದು ಒಪ್ಪಿಕೊಂಡಂತೆ. ಕುರಿಗಾರ ಸುಲಭಕ್ಕೆ ಒಪ್ಪುವ ಪ್ರಾಣಿ ಅಲ್ಲ. ಅಂದರೆ, ಮಾಸ್ತರನ ಜೀವ ಉಳಿಯಬೇಕಾದರೆ ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವಂಥ ಜನರನ್ನು ಒಂದು ಕಡೆ ಸೇರಿಸಬೇಕು. ಆಗ ಹೊಳೆದದ್ದೇ ಈ ಪ್ರದರ್ಶನ. ಹುಟ್ಟಿದಾಗಿನ ಬಣ್ಣವನ್ನು ಹೊತ್ತ ಕುರಿಗಳ ಪ್ರದರ್ಶನ. ಎಲ್ಲ ದೊಡ್ಡ ಆಲೋಚನೆಗಳಂತೆ ಇದೂ ನನಗೆ ಹಲ್ಲುಜ್ಜುವಾಗ ಬಂತು.

ಇಲ್ಲಿ ಒಂದು ಮಾತು. ಕುರಿಯ ಬಣ್ಣ ಎಂದರೆ ನಿಮಗೆ ಕರಿ, ಬಿಳಿ ಎರಡೇ ಕಾಣುತ್ತವೆ. ಅದು ನಿಮ್ಮ ತಪ್ಪಲ್ಲ, ನೀವು ಕುರಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು. ಹಿಂಡಿನ ನಡುವೆ ನಿಂತು ನೋಡಿದರೆ ಕರಿಯಲ್ಲೇ ನೇರಳೆಹಣ್ಣಿನ ಕರಿ ಬೇರೆ, ಬಾಣಲೆಯ ತಳದ ಕರಿ ಬೇರೆ. ಬೂದುಬಣ್ಣದಲ್ಲಿ ಹೊಗೆ ಇದೆ, ಮೋಡ ಇದೆ, ನನ್ನ ಎದೆಯ ಕೂದಲೂ ಇದೆ. ಬಿಳಿಯೆಂಬ ಬಣ್ಣವನ್ನು ಜಗತ್ತು ತಲೆಯ ಮೇಲೆ ಹೊತ್ತದ್ದು ಬಣ್ಣ ಹಾಕುವವರ ಅನುಕೂಲಕ್ಕೆ. ನಮ್ಮ ಹಿರಿಯರು ಉಣ್ಣೆಗೆ ಏನನ್ನೂ ಬಳಿಯಲಿಲ್ಲ. ದೇವರ ಗದ್ದುಗೆಗೆ ಹಾಸಿದ್ದು, ಮಳೆಯಲ್ಲಿ ತಲೆಗೆ ಕೊಪ್ಪೆ ಹಾಕಿಕೊಂಡದ್ದು, ಕೂಸನ್ನು ಮಲಗಿಸಿದ್ದು ಎಲ್ಲವೂ ಕುರಿ ಕೊಟ್ಟ ಬಣ್ಣದ ಕಂಬಳಿಯೇ. ಇಷ್ಟನ್ನೂ ನಾನು ಗಂಗವ್ವನಿಗೆ ವಿವರಿಸಿದೆ. ಅವಳು, "ರೊಟ್ಟಿ ಆರಾಕತ್ತಾವು, ಉಣ್ರಿ," ಎಂದಳು.

ಪ್ರದರ್ಶನವಿದೆ ಎಂದು ನಾನೇ ಊರೂರಿಗೆ ಹೋಗಿ ಹೇಳಿದರೆ ಗತಿ ಏನೆಂದು ಗೊತ್ತಿತ್ತಲ್ಲ. ದುಮ್ಮವಾಡದ ಕಟ್ಟೆಯಲ್ಲಿ, "ವಿಮಾನ ನಿಲ್ದಾಣದಾಗ ಮಾಡ್ತೀರೇನ್ರಿ?" ಎಂದು ಕೇಳಿದರು. ಹೀಗಾಗಿ ದನದ ಆಸ್ಪತ್ರೆಯ ಡಾಕ್ಟರ್‌ಬಾಯಿಯ ಕಾಲು ಹಿಡಿದೆ. ಆಕೆ ಹಳ್ಳಿಹಳ್ಳಿಗೆ ಕುರಿಗಳಿಗೆ ಲಸಿಕೆ ಹಾಕಲು ಹೋಗುವವಳು; ಸುಳ್ಳು ಹೇಳದ ಹೆಣ್ಣುಮಗಳು ಎಂದು ಹೆಸರಿದೆ. ಆಕೆ ಸೂಜಿ ಚುಚ್ಚುತ್ತಲೇ ಸುದ್ದಿ ಹೇಳಿದಳು. ನೋವಿನ ಜೊತೆ ಬಂದ ಸುದ್ದಿಯನ್ನು ಜನ ಬೇಗ ನಂಬುತ್ತಾರೆ. ತೀರ್ಪುಗಾರರು ಇಬ್ಬರು: ಒಬ್ಬಳು ಆಕೆ, ಇನ್ನೊಬ್ಬ ನಮ್ಮೂರಿನ ಕಂಬಳಿ ನೇಯುವ ಫಕೀರಪ್ಪ. ಮೂರನೆಯವನಾಗಿ ನಾನು ಕೂರುತ್ತೇನೆ ಎಂದೆ. "ನಿಮ್ಮ ಟಗರೂ ಐತಲ್ರಿ ಕಾಕಾ," ಎಂದಳು ಡಾಕ್ಟರ್‌ಬಾಯಿ. ಅದೊಂದು ಅಡ್ಡಿಯಾದೀತೆಂದು ನನಗೆ ಹೊಳೆದೇ ಇರಲಿಲ್ಲ.

ನಿಯಮವನ್ನು ಮಾತ್ರ ನಾನೇ ಬರೆದೆ. ಮೈಮೇಲೆ ಹುಟ್ಟಿದ ಬಣ್ಣವೇ ಇರಬೇಕು, ಬೇರೆ ಏನೂ ತಾಕಿರಬಾರದು, ತಾಕಿದ್ದರೆ ಆ ಕುರಿ ಹೊರಗೆ. ಈ ನಿಯಮ ನನ್ನನ್ನೇ ಹೊರಗೆ ಹಾಕಲು ಬರುತ್ತದೆ ಎಂದು ಆಗ ಯಾರು ಕಂಡಿದ್ದರು?

ಆ ದಿನ ಬಂತು. ಕೆರೆಯ ಬಾಜೂಕಿನ ಒಕ್ಕಲು ಕಣದಲ್ಲಿ ಕಂಬಳಿ ಹಾಸಿ, ನಾನು ಜರಿ ರುಮಾಲು ಸುತ್ತಿ, ಮೈಕು ಹಿಡಿದು ನಿಂತೆ. ಮೊದಲ ಹಿಂಡು ಕೆರೆಯ ಏರಿ ಹತ್ತಿ ಬಂದಾಗ ನನ್ನ ಕೈಯಿಂದ ಮೈಕು ಜಾರಲಿಲ್ಲ ಅಷ್ಟೇ. ಕುರಿಗಳು ಬಂದಿದ್ದವು. ಆದರೆ ಬೆನ್ನ ಮೇಲೆ ಗುಲಾಬಿ ಪಟ್ಟೆ, ಕೊಂಬಿಗೆ ಹಸಿರು, ಹಣೆಗೆ ಕುಂಕುಮ, ಕೊರಳಿಗೆ ಗೊಂಡೆ, ಒಂದಕ್ಕೆ ಬಲೂನು ಕೂಡ. ಒಂದರ ಪಕ್ಕೆಯ ಮೇಲೆ 'ಸ್ವಾಗತ' ಎಂದು ಬರೆದಿತ್ತು.

ತಪ್ಪು ನನ್ನದೇ. ನಾನು ಈ ಸೀಮೆಯಲ್ಲಿ ಹುಟ್ಟಿ ಬೆಳೆದು ಇದನ್ನು ಮರೆತಿದ್ದೆ: ಇಲ್ಲಿ ನಾಲ್ಕು ಜನರ ಎದುರಿಗೆ ಜಾನುವಾರನ್ನು ಬರಿಮೈಯಲ್ಲಿ ಯಾರೂ ಕರೆತರುವುದಿಲ್ಲ. ಕಾರಹುಣ್ಣಿಮೆಗೆ ಎತ್ತಿಗೆ ಬಣ್ಣ ಹಚ್ಚಿದ ಕೈಗಳು ಇವು. ನಿಯಮ ಎಲ್ಲರಿಗೂ ಗೊತ್ತಿತ್ತು. ಆದರೆ ನಿಯಮವೇ ಬೇರೆ, ಮರ್ಯಾದೆಯೇ ಬೇರೆ.

"ಯಪ್ಪಾ, ಬಣ್ಣಾ ಹಚ್ಚಬಾರದಂತ ಹೇಳಿರಲಿಲ್ಲೇನು?" ಎಂದು ಒಬ್ಬನನ್ನು ಕೇಳಿದೆ.

"ಬಣ್ಣಾ ಎಲ್ಲಿ ಹಚ್ಚೇವ್ರಿ? ಬರೇ ಸಿಂಗಾರ ಮಾಡೇವಿ," ಎಂದನಾತ, ಎರಡೂ ಕೈ ಮೊಣಕೈವರೆಗೆ ಗುಲಾಬಿ.

ಡಾಕ್ಟರ್‌ಬಾಯಿ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಒಂದೊಂದೇ ಕುರಿಯ ಮೈ ಒರೆಸುತ್ತ ಬಂದಳು. ಆ ಕರವಸ್ತ್ರ ಓಕುಳಿ ಆಡಿ ಬಂದಂತಾಯಿತು. ಹೊರಗೆ, ಹೊರಗೆ, ಇದೂ ಹೊರಗೆ. ನಾನು ಮಾಸ್ತರನನ್ನು ಎದೆಯುಬ್ಬಿಸಿ ಮುಂದೆ ನಿಲ್ಲಿಸಿದೆ. ಆಕೆ ಒರೆಸಿದಳು. ಅರಿಸಿನ! ಹಣೆಯಿಂದ ಹೆಗಲವರೆಗೆ, ಬೆಲ್ಲದ ಬಣ್ಣದೊಳಗೆ ಹೊಕ್ಕು ಅಡಗಿದ್ದ ಅರಿಸಿನ.

"ಕಾಕಾ, ಏನ್ರಿ ಇದು?"

ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಗುಂಪಿನಿಂದ ಗಂಗವ್ವ ಗುಡುಗಿದಳು. "ನಾನಽ ಹಚ್ಚೇನ್ರಿ. ಮಂದಿ ಮುಂದ ಹೋಗೂ ಜೀವ ಬರೇ ಮೈಲೆ ಹೋಗಬೇಕೇನು? ನಮ್ಮ ಮನ್ಯಾಗ ಹೇಳವ್ರು ಕೇಳವ್ರು ಇಲ್ಲೇನು?"

ಸಂತೆಗೆ ಹೊಡೆಯಬೇಕೆಂದ ಟಗರಿಗೆ ಅವಳು ಮುಂಜಾನೆ ಎದ್ದು ಅರಿಸಿನ ಹಚ್ಚಿದ್ದಳು! ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಅದನ್ನು ಯೋಚಿಸಲು ಹೊತ್ತಿರಲಿಲ್ಲ, ಯಾಕೆಂದರೆ ಕೊನೆಗೆ ಕಣದಲ್ಲಿ ಉಳಿದದ್ದು ಒಂದೇ ಟಗರು, ಮತ್ತು ಅದರ ಪಕ್ಕದಲ್ಲಿ ಮೀಸೆ ತಿರುವುತ್ತ ನಿಂತವರು ದುಮ್ಮವಾಡದ ಹನುಮಂತಪ್ಪ. ನಮ್ಮ ಮಗಳ ಮಾವ. ನನ್ನ ಬೀಗರು.

ಬೀಗರ ಟಗರಿನ ಹೆಸರು ಭೀಮ. ಕಾಡಿಗೆ ಮೆತ್ತಿದಂಥ ಕರಿ, ಮಿರಿಮಿರಿ ಮಿಂಚುವ ಮೈ. ಡಾಕ್ಟರ್‌ಬಾಯಿ ಎಷ್ಟು ಒರೆಸಿದರೂ ಕರವಸ್ತ್ರಕ್ಕೆ ಏನೂ ಹತ್ತಲಿಲ್ಲ.

"ಹೇಳ್ರಿ ಬೀಗರ, ಮೈಕಿನ್ಯಾಗ ಹೇಳ್ರಿ," ಎಂದರು ಅವರು. "ನಿಯಮ ಬರದವರು ನೀವಽ. ಗೆದ್ದಾಂವ ಭೀಮ. ನಿಮ್ಮ ಮಾಸ್ತರಗ ವರ್ಗಾವಣಿ ಆತಂತಲ್ಲ, ಸಂತಿಗೆ?"

ಜನ ನಕ್ಕರು. ಸಂತೆಯ ಸುದ್ದಿ ಅವರಿಗೆ ಯಾರು ಹೇಳಿದರು ಎಂದು ಗಂಗವ್ವನತ್ತ ನೋಡಿದೆ. ಅವಳು ಕೆರೆಯ ಕಡೆ ನೋಡುತ್ತಿದ್ದಳು. ನಾನೂ ಆ ಕಡೆ ನೋಡಿದೆ. ಕೆರೆ! ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ನೀರಿಗೆ ಇಳಿಸಿ ಮೈ ತೊಳೆಯುವುದು ನಮ್ಮ ಅಜ್ಜನ ಕಾಲದಿಂದಲೂ ಬಂದ ರೂಢಿ. ಸಿಂಗಾರ ಎಷ್ಟು ಮರ್ಯಾದೆಯೋ ಈ ಸ್ನಾನವೂ ಅಷ್ಟೇ ಮರ್ಯಾದೆ. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಪಳಗಿದ ಗಂಟಲು ತೆರೆದೆ.

"ಮೈ ತೊಳೀದಽ ಕುರಿ ಉಣ್ಣಿ ಯಾರರ ನೋಡ್ತಾರೇನ್ರೋ? ಎಲ್ಲಾರೂ ಕೆರಿಗೆ ಹೋಗೂಣು ನಡೀರಿ! ತೊಳಕೊಂಡು ಬಂದಾವಷ್ಟೂ ಮತ್ತ ಒಳಗ!"

"ಇದು ಮೋಸ!" ಎಂದರು ಬೀಗರು.

"ಹುಟ್ಟಿದ ಬಣ್ಣಾ ಕೆರಿಗೆ ಅಂಜೂದಿಲ್ರಿ," ಎಂದಳು ಡಾಕ್ಟರ್‌ಬಾಯಿ. ಆಕೆಯ ಆ ಒಂದು ಮಾತಿಗೆ ನಾನು ಜೀವನವಿಡೀ ಋಣಿ.

ಆಮೇಲಿನದನ್ನು ಮೊದಲೇ ಹೇಳಿದ್ದೇನೆ, ನೀವು ನಂಬಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತ ಗಂಡಸರು, ತಲೆ ಮಾತ್ರ ಕಾಣುವ ಕುರಿಗಳು, ದಂಡೆಯಲ್ಲಿ ಹೆಂಗಸರ ಆಜ್ಞೆಗಳು. ಗುಲಾಬಿ ಹರಿಯಿತು, ಹಸಿರು ಹರಿಯಿತು, 'ಸ್ವಾಗತ' ಅಕ್ಷರ ಬಿಟ್ಟು ಅಕ್ಷರ ಕರಗಿತು. ಕೊನೆಗೆ ಗಂಗವ್ವ ಸೀರೆ ಕಚ್ಚೆ ಹಾಕಿ ತಾನೇ ಇಳಿದು ಮಾಸ್ತರನ ಅರಿಸಿನ ಬಿಡಿಸಿದಳು. ನನಗೆ ಮುಟ್ಟಲು ಕೊಡಲಿಲ್ಲ. ಆಮೇಲೆ ಕುರಿಗಳು ಕಣದಲ್ಲಿ ಬಿಸಿಲಿಗೆ ಒಣಗುತ್ತ ನಿಂತವು. ನಾವು ಗಿರ್ಮಿಟ್ಟು, ಮಿರ್ಚಿ ತಿನ್ನುತ್ತ ಸುತ್ತ ಕೂತೆವು.

ಒಣಗುತ್ತ ಹೋದ ಹಾಗೆ ಹುಟ್ಟುಬಣ್ಣ ಮೇಲೆ ಬಂತು. ತಾವು ದಿನವೂ ಕಾಯುವ ಕುರಿಗಳನ್ನು ಜನ ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಒಂದು ಹೊಗೆಬಣ್ಣ, ಒಂದು ಜೇನು, ಒಂದು ಸುಟ್ಟ ಇಟ್ಟಿಗೆ, ಒಂದಕ್ಕೆ ಮುಖ ಕರಿ, ಮೈ ಮುಗಿಲು. "ಏ, ಇದು ನಮ್ಮ ಕುರಿನಽ?" ಎಂದು ಗುಲಾಬಿ ಕೈಯವನು ಮೂರು ಸಲ ಕೇಳಿದ.

ಈ ನಡುವೆ ಭೀಮನ ಬಳಿ ಬಂದ ಡಾಕ್ಟರ್‌ಬಾಯಿ ಹುಬ್ಬೇರಿಸಿ ನಿಂತಳು. ಭೀಮನ ಕಿವಿಯಂಚಿನ ಚರ್ಮದ ಮೇಲೆ ನೀಲಿಗಪ್ಪು ಕಲೆ. ನನ್ನ ಕಣ್ಣು ಅಲ್ಲಿಂದ ನೇರ ಬೀಗರ ಕಿವಿಯಂಚಿಗೆ ಹೋಯಿತು. ಅಲ್ಲೂ ಅದೇ ಕಲೆ. ಮೀಸೆಯ ಕೆಳಗೂ ಅದೇ ಕಲೆ. ನೀರಿಗೂ ಬಿಡದ ತಲೆಗೂದಲ ಬಣ್ಣ, ಒಂದೇ ಪೊಟ್ಟಣದಲ್ಲಿ ಇಬ್ಬರ ಸಿಂಗಾರ!

"ಬೀಗರ," ಎಂದೆ ಮೈಕಿನಲ್ಲೇ, "ಪೊಟ್ಟಣದಾಗ ಮೊದಲ ಯಾರಿಗೆ ಹಚ್ಚಿದ್ರಿ? ನಿಮಗೋ, ಭೀಮಗೋ?"

ಕಣವೆಲ್ಲ ಬಿದ್ದುಬಿದ್ದು ನಕ್ಕಿತು. ಡಾಕ್ಟರ್‌ಬಾಯಿ ಉಣ್ಣೆ ಬಿಡಿಸಿ ಬುಡ ತೋರಿಸಿದಳು. ಬುಡದಲ್ಲಿ ನಿಜವಾದ ಕರಿ, ಚೊಕ್ಕ ಕರಿ. ಈ ಮಹಾನುಭಾವರು ಕರಿ ಟಗರಿಗೆ ಕರಿ ಬಣ್ಣ ಹಚ್ಚಿದ್ದರು!

"ಕರಿಗೆ ಕರಿ ಯಾಕ್ ಹಚ್ಚಿದ್ರಿ ಮಾರಾಯ್ರ? ಅದರ ಚರ್ಮಾ ಸುಟ್ಟು ಹೋಗಿದ್ರ?" ಎಂದು ಆಕೆ ರೇಗಿದಳು.

ಬೀಗರು ಕುಗ್ಗಲಿಲ್ಲ. "ಬಿಸಲಿಗೆ ತುದಿ ಕೆಂಪಾಗಿತ್ರಿ. ಹುಟ್ಟಿದಾಗ ಕರಿನಽ ಇತ್ತು. ಬಿಸಲು ಕಸಗೊಂಡದ್ದನ್ನ ನಾ ವಾಪಸ್ ಕೊಟ್ಟೇನಿ. ಅದರಾಗ ಸುಳ್ಳೇನೈತಿ?"

ಪ್ರಾಮಾಣಿಕವಾಗಿ ಹೇಳುತ್ತೇನೆ, ಈ ವಾದ ನನಗೆ ಹಿಡಿಸಿತು. ತಲೆಗೆ ಬಣ್ಣ ಹಚ್ಚಿಕೊಳ್ಳುವ ಪ್ರತಿಯೊಬ್ಬ ಮುದುಕನ ವಾದವೂ ಇದೇ ತಾನೆ? ತಾನು ಸುಳ್ಳು ಹೇಳುತ್ತಿದ್ದೇನೆಂದು ಯಾರೂ ಅಂದುಕೊಳ್ಳುವುದಿಲ್ಲ, ಬಿಸಿಲಿನ ತಪ್ಪು ತಿದ್ದುತ್ತಿದ್ದೇನೆ ಎಂದುಕೊಳ್ಳುತ್ತಾನೆ. ನಾನು ಹಚ್ಚುವುದಿಲ್ಲ. ಅದಕ್ಕೆ ತತ್ತ್ವ ಕಾರಣವಲ್ಲ; ನನ್ನ ತಲೆಯ ಮೇಲೆ ಬಣ್ಣ ಹಿಡಿಯುವ ಬೆಳೆಯೇ ಉಳಿದಿಲ್ಲ. ಆದರೂ ನಿಯಮ ನಿಯಮ. ಭೀಮ ಹೊರಗೆ.

ಕೊನೆಗೆ ಫಕೀರಪ್ಪ ಮಾಸ್ತರನ ಬಳಿ ಬಂದ. ಈತ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಉಣ್ಣೆಯನ್ನು ಎರಡು ಕೈಯಿಂದ ಬಿಡಿಸಿದ. ಹೊರಗೆ ಬಿಸಿಲು ಕುಡಿದ ತುದಿ ಭತ್ತದ ಹೊಟ್ಟಿನಂತೆ ಹೊಳೆಯಿತು, ಒಳಗೆ ಬೆಲ್ಲ, ಬುಡದಲ್ಲಿ ಕೊಪ್ಪರಿಗೆಯ ತಳಕ್ಕೆ ಹತ್ತಿದ ಬೆಲ್ಲ. ಬೆರಳು ಒಳಗಿಟ್ಟವನು ತೆಗೆಯಲೇ ಇಲ್ಲ. ಮಾಸ್ತರ ಅವನನ್ನು ಎಂದಿನಂತೆ ನೋಡಿತು; ಈ ಸಲ ಲೆಕ್ಕ ಸರಿಯಾಗಿರಬೇಕು, ಸುಮ್ಮನೆ ನಿಂತಿತು.

"ಇದರ ಕಂಬಳಿ ನೇಯಬೇಕಂದ್ರ ನನಗ ಇಂಥಾ ಟಗರು ಇನ್ನೂ ಬೇಕ್ರಿ," ಎಂದ ಫಕೀರಪ್ಪ. "ಒಂದರ ಉಣ್ಣ್ಯಾಗ ಆಗೂದಿಲ್ಲ. ಇದರ ಮರಿ ಎಲ್ಲಿ ಬೆಳೀತಾವೋ ಅಲ್ಲಿ ಉಣ್ಣಿ ನಾ ಒಯ್ತೀನಿ."

ಡಾಕ್ಟರ್‌ಬಾಯಿ ತಲೆಯಾಡಿಸಿದಳು. ಮೊದಲ ಸ್ಥಾನ ತಂಬೂರಿನ ಮಾಸ್ತರ! ಘೋಷಿಸಿದವನು ನಾನೇ. ನಿಮ್ಮ ಟಗರಿನ ಹೆಸರನ್ನು ಅಷ್ಟು ಸಲ ಯಾಕೆ ಕೂಗಿದಿರಿ ಎಂದು ಜನ ಈಗಲೂ ಕೇಳುತ್ತಾರೆ. ದೂರದವರಿಗೆ ಕೇಳಿಸಲಿ ಎಂದು.

ಆದರೆ ಮಾಸ್ತರನ ಕೊರಳಿಗೆ ಹಾರ ಬಿದ್ದರೇನು, ಕೇಳುವವರು ಬರಬೇಕಿತ್ತಲ್ಲ. ಗಂಗವ್ವನ ಷರತ್ತು ಹಾರದ್ದಾಗಿರಲಿಲ್ಲ. ಜನ ಮಾಸ್ತರನನ್ನು ಮುಟ್ಟಿದರು, ಹೊಗಳಿದರು, ಫೋಟೋ ತೆಗೆದುಕೊಂಡರು, ತಮ್ಮ ಕುರಿಗಳನ್ನು ಹೊಡೆದುಕೊಂಡು ಹೊರಟರು. ಬಾಯಿಬಿಟ್ಟು ಕೇಳಿದವನು ಒಬ್ಬನೂ ಇಲ್ಲ. ಕಣ ಬರಿದಾಗುತ್ತ ಬಂತು. ನಾನು ಮೈಕಿನ ವೈರು ಸುತ್ತತೊಡಗಿದೆ.

ಆಗ ಬೀಗರು ಬಂದರು. ನನ್ನತ್ತ ನೋಡದೆ ನನ್ನನ್ನು ದಾಟಿ ಗಂಗವ್ವನ ಎದುರು ನಿಂತರು. ಹೆಗಲ ಮೇಲಿನ ಟಾವೆಲ್ ತೆಗೆದು ಕೈಯಲ್ಲಿ ಹಿಡಿದರು.

"ಅಕ್ಕಾರ, ನಮ್ಮ ಹಿಂಡಿಗೆ ನಿಮ್ಮ ಟಗರು ಬಿಡ್ರಿ."

ನನ್ನ ರುಮಾಲಿನ ಜರಿಯೂ ಆ ಕ್ಷಣ ಹೊಳೆದಿರಬೇಕು. ಸೋತದ್ದನ್ನು ಸೋತವನೇ ಬಂದು, ಅದೂ ಬೀಗನೇ ಬಂದು ಹೇಳುವುದು! ನಾನು, ಒಯ್ರಿ ಒಯ್ರಿ, ಈಗಽ ಒಯ್ರಿ ಎನ್ನಲು ಬಾಯಿ ತೆರೆದೆ. ಗಂಗವ್ವ ಕೈ ಅಡ್ಡ ಹಿಡಿದಳು.

"ಅಷ್ಟ ಲಗೂನ ಹ್ಯಾಂಗ್ರಿ ಅಣ್ಣಾರ? ನಮ್ಮ ಮಾಸ್ತರಗ ಮೊದಲ ನಮ್ಮ ಹಿಂಡು ಐತಿ. ಆಮ್ಯಾಲ ನೋಡೂಣು. ಬಾಗಲಕ್ಕ ಬಂದು ಕೇಳ್ರಿ. ಮತ್ತ ಆ ಬಣ್ಣದ ಪೊಟ್ಟಣ ನಿಮ್ಮ ಹಟ್ಟ್ಯಾಗ ಕಂಡರ ನಾ ಕೊಡೂದಿಲ್ಲ."

ನಮ್ಮ ಮಾಸ್ತರ! ಸಂತೆಗೆ ಹೊಡೆಯಬೇಕೆಂದವಳ ಬಾಯಿಯಲ್ಲಿ ನಮ್ಮ ಮಾಸ್ತರ! ಬೀಗರು ಮರುದಿನ ಬಾಗಿಲಿಗೆ ಬಂದರು. ಅವರ ಹಿಂದೆ ಗುಲಾಬಿ ಕೈಯವನೂ ಬಂದ. ಈಗ ದುಮ್ಮವಾಡದ ದಾರಿಯಲ್ಲಿ ಬೆಲ್ಲದ ಬಣ್ಣದ ಮರಿಗಳು ನೆಗೆಯುತ್ತವೆ. ಬಸ್ಸಿನ ಕಿಟಕಿಯಿಂದಲೂ ಕಾಣುತ್ತವೆ, ಹೋಗಿ ನೋಡಿ. ಫಕೀರಪ್ಪನ ಮಗ್ಗದ ಮೇಲೆ ಏನನ್ನೂ ಬಳಿಯದ ಕಂಬಳಿ ಏರಿದೆ.

ಪ್ರದರ್ಶನದ ದಿನ ಸಂಜೆ ಮಾಸ್ತರನನ್ನು ನಡುವೆ ನಡೆಸಿಕೊಂಡು ಮನೆಗೆ ಹೊರಟಾಗ ಗಂಗವ್ವ ನನ್ನನ್ನು ಓರೆಗಣ್ಣಿನಿಂದ ನೋಡಿ, "ನೀವು ಅಗದಿ ಶ್ಯಾಣ್ಯಾರದೀರಿ ನೋಡ್ರಿ," ಎಂದಳು.

ಇಷ್ಟು ಹೊತ್ತು ಓದಿದಿರಿ, ಆದ್ದರಿಂದ ಒಪ್ಪಿಕೊಳ್ಳುತ್ತೇನೆ. ಬಣ್ಣದ ಕೆರೆ ನಿಜ. ಕರಿ ಟಗರಿಗೆ ಹಚ್ಚಿದ ಕರಿಯೂ ನಿಜ. ವಿಮಾನ ನಿಲ್ದಾಣದಲ್ಲಿ ಇಳಿದವರು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ನನ್ನನ್ನು ಜಾಣನೆಂದ ಗಂಗವ್ವನ ಆ ಕೊನೆಯ ಮಾತೊಂದನ್ನು ಮಾತ್ರ ನಾನು ಕಟ್ಟಿ ಹೇಳಿದ್ದು. ನೀವು ಅನುಮಾನವೇ ಪಡದ ಮಾತು ಅದೊಂದೇ ಆಗಿರಬೇಕು. ಅವಳು ದಾರಿಯುದ್ದಕ್ಕೂ ಏನೂ ಅನ್ನಲಿಲ್ಲ. ಮನೆಗೆ ಬಂದು ಮೊದಲು ಮಾಸ್ತರನಿಗೆ ಮೇವು ಹಾಕಿದಳು, ಆಮೇಲೆ ನನಗೆ ರೊಟ್ಟಿ ಬಡಿಸಿದಳು. ರೊಟ್ಟಿಯ ಮೇಲೆ, ಕೇಳದೆಯೇ, ಒಂದು ದೊಡ್ಡ ಬೆಣ್ಣೆಯ ಮುದ್ದೆ ಇತ್ತು.